ಗಿಂಡಿ ಹೊಳೆಯಲೆಂದು ಉಜ್ಜುವ ಮುನ್ನ

ಕಪಿಲೆಯಲ್ಲಿ ಮಿಂದು ನಂಜುಂಡೇಶ್ವರನ ದರ್ಶನ ಮಾಡಿದವರು, ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆಯರು ಸೇರುವಲ್ಲಿ ಮುಳುಗೆದ್ದವರು ಒಂದಿಷ್ಟು ತೀರ್ಥವನ್ನು ಮನೆಗೆ ತರುತ್ತಾರೆ. 1989ರಲ್ಲಿ ಇದೇ ತಿರುಮಕೂಡಲು ನರಸೀಪುರದಲ್ಲಿ ಕುಂಭಮೇಳ ಆರಂಭವಾದ ಮೇಲೆ ದೂರದೂರಿನವರೂ ಹೀಗೆ ತುಂಬಿಕೊಂಡು ಹೋಗುತ್ತಾರೆ. ಆ ನೀರು ಸೇರುವ ತಾಮ್ರದ ಗಿಂಡಿ, ಪಂಚಪಾತ್ರೆ, ಹಾವಿನ ಹೆಡೆಯ ಹಿಡಿಯುಳ್ಳ ಉದ್ಧರಣೆ ಎಷ್ಟೋ ಮನೆಗಳಲ್ಲಿ ಅಜ್ಜಿಯ ಕಾಲದವು.

ಹಬ್ಬ ಬಂತೆಂದರೆ ನಾವು ಮಾಡುವ ತಪ್ಪು ಒಂದೇ: ಕಬ್ಬಿಣದ ನಾರು, ಆಸಿಡ್ ತಂದು ಗಸಗಸ ಉಜ್ಜುವುದು. ಕೊರೆದ ಬಳ್ಳಿ, ಹೆಡೆಯ ಗೆರೆ, ಅಂಚಿನಲ್ಲಿ ಕೆತ್ತಿಸಿದ ಹಿರಿಯರ ಹೆಸರು ವರ್ಷವರ್ಷಕ್ಕೂ ಸವೆಯುತ್ತವೆ. ಸವೆದ ಕೆತ್ತನೆ ಮತ್ತೆ ಬರುವುದಿಲ್ಲ ಕಣಮ್ಮ! ನೆನೆಸಿದ ಹುಣಸೆಹಣ್ಣು, ಮೆತ್ತನೆಯ ಬಟ್ಟೆ ಸಾಕು. ಹುಳಿ ಉಳಿಯದಂತೆ ತೊಳೆದು ಒಣಬಟ್ಟೆಯಲ್ಲಿ ಒರೆಸಿಡಿ. ತೇವ ನಿಂತರೆ ಕಿಲುಬು ಹಿಡಿಯುತ್ತದೆ.

ಕಲಾಯಿ ಇಲ್ಲದ ತಾಮ್ರದಲ್ಲಿ ಪಂಚಾಮೃತ ಕಲಸಿಡಬೇಡಿ. ಮೊಸರಿನ ಹುಳಿಗೆ ತಾಮ್ರ ಬಿಟ್ಟುಕೊಂಡು ವಾಂತಿ, ಹೊಟ್ಟೆನೋವು ತರುತ್ತದೆ. ಅದಕ್ಕೆ ಬೆಳ್ಳಿ ಬಟ್ಟಲಿರಲಿ, ಇಲ್ಲದಿದ್ದರೆ ಸ್ಟೀಲು. ಕಾಶಿಯಿಂದ ತಂದ, ಬೆಸುಗೆ ಹಾಕಿದ ಗಂಗೆಯ ತಂಬಿಗೆಯ ನೀರನ್ನು ಕುಡಿಯಲು ಕೊಡಬೇಡಿ, ಬೆಸುಗೆಯಲ್ಲಿ ಸೀಸವಿರಬಹುದು. ನದಿಯಿಂದ ತಂದ ನೀರನ್ನೂ ಮಕ್ಕಳಿಗೆ ಹಾಗೆಯೇ ಕುಡಿಸದೆ ಪ್ರೋಕ್ಷಣೆಗೆ ಬಳಸಿ.

ಹಳೆಯದೆಂದು ಗಿಂಡಿಯನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ, ದಯವಿಟ್ಟು ಅದರ ಅಂಚನ್ನೊಮ್ಮೆ ಬೆಳಕಿಗೆ ಹಿಡಿದು ಓದಿ.