ಪಿಜನ್ ರಿವರ್ ಕಾಡು, ನಮ್ಮ ಗ್ಯಾಸ್ ಬಿಲ್ಲು ಮತ್ತು ಕಾರ್ಬನ್ ಕ್ರೆಡಿಟ್

ಪ್ಲಿಮತ್‌ನಿಂದ ಉತ್ತರಕ್ಕೆ ಮೂರು ಮೂರೂವರೆ ಗಂಟೆ ಕಾರು ಓಡಿಸಿದರೆ ಪಿಜನ್ ರಿವರ್ ಕಾಡು ಸಿಗುತ್ತದೆ. ಎಲ್ಕ್ ನೋಡಲು ನಮ್ಮವರು ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ. ಅಲ್ಲಿನ ಒಂದು ಲಕ್ಷ ಎಕರೆಗೂ ಹೆಚ್ಚು ಸರ್ಕಾರಿ ಕಾಡನ್ನು ಮಿಶಿಗನ್ ರಾಜ್ಯ 'ಬಿಗ್ ವೈಲ್ಡ್' ಎಂಬ ಕಾರ್ಬನ್ ಯೋಜನೆಗೆ ಸೇರಿಸಿದೆ. ಮೊದಲ ಹತ್ತು ವರ್ಷಗಳ ಕ್ರೆಡಿಟ್‌ಗಳನ್ನು ಕೊಳ್ಳಲು ಒಪ್ಪಿದ್ದು ನಮಗೆ ಕರೆಂಟು ಕೊಡುವ ಡಿಟಿಇ. ಗ್ಯಾಸ್ ವ್ಯಾಪಾರವೂ ಇರುವ ಈ ಕಂಪನಿ, ತಿಂಗಳಿಗೆ ಕೆಲವು ಡಾಲರ್ ಹೆಚ್ಚು ಕೊಟ್ಟು ನಿಮ್ಮ ಹೊಗೆಯ ಲೆಕ್ಕ ತೀರಿಸಿಕೊಳ್ಳಿ ಎನ್ನುತ್ತದೆ.

ಒಂದು ಕ್ರೆಡಿಟ್ ಎಂದರೆ ಒಂದು ಟನ್ ಕಾರ್ಬನ್ ಡೈಆಕ್ಸೈಡ್. ಆದರೆ ನೀವು ಕೊಳ್ಳುವುದು ಮರದೊಳಗಿನ ಕಾರ್ಬನ್ ಅಲ್ಲ, "ಈ ದುಡ್ಡು ಬಾರದಿದ್ದರೆ ಏನಾಗುತ್ತಿತ್ತು" ಎಂಬ ಅಂದಾಜನ್ನು. ದೇವರ ಭಯಕ್ಕೆ ಯಾರೂ ಕೊಡಲಿ ಹಾಕದ ಕೊಡಗಿನ ದೇವರಕಾಡೊಂದರ ಮೇಲೆ ಯಾರಾದರೂ ಕ್ರೆಡಿಟ್ ಮಾರಿದರೆ ವಾತಾವರಣಕ್ಕೆ ಒಂದು ಗ್ರಾಂ ಲಾಭವೂ ಇಲ್ಲ. ಸರ್ಕಾರವೇ ಕಾಯುತ್ತಿದ್ದ ಪಿಜನ್ ರಿವರ್‌ಗೂ ಇದೇ ಪ್ರಶ್ನೆ ಹಾಕಬೇಕು. ನನ್ನ ಮಟ್ಟಿಗೆ ಅದಕ್ಕೆ ತೃಪ್ತಿಕರ ಉತ್ತರ ಸಿಕ್ಕಿಲ್ಲ.

ಎರಡನೆಯದು ಅವಧಿ. ಇಂದು ಸುಟ್ಟ ಗ್ಯಾಸಿನ ಕಾರ್ಬನ್‌ನಲ್ಲಿ ಒಂದು ಪಾಲು ಸಾವಿರಾರು ವರ್ಷ ಮೇಲೆಯೇ ಉಳಿಯುತ್ತದೆ. ಕಾಡಿನ ಒಪ್ಪಂದಗಳು ಸಾಮಾನ್ಯವಾಗಿ 40ರಿಂದ 100 ವರ್ಷದವು. ತೀರದ ಸಾಲಕ್ಕೆ ಅವಧಿ ಮುಗಿಯುವ ಬಾಂಡ್ ಒತ್ತೆ ಇಟ್ಟಂತೆ! ಬೆಂಕಿ ಬಿದ್ದರೆ ಎಂದು ಒಂದಷ್ಟು ಕ್ರೆಡಿಟ್‌ಗಳನ್ನು ವಿಮೆಯಂತೆ ಎತ್ತಿಡುತ್ತಾರೆ, ನಿಜ. 2021ರಲ್ಲಿ ಒರೆಗಾನ್‌ನ ಬೂಟ್‌ಲೆಗ್ ಕಾಡ್ಗಿಚ್ಚು ಕ್ರೆಡಿಟ್ ಮಾರಿದ್ದ ಕಾಡನ್ನೇ ಸುಟ್ಟಿತು. ಇಲ್ಲಿ ಕಡಿಯದ ಮರವನ್ನು ಇನ್ನೆಲ್ಲೋ ಕಡಿದರೆ ಆ ಲೆಕ್ಕವೂ ಕಳೆಯಬೇಕು.

ಹಾಗಂತ ಇದು ಬರೀ ಮೋಸವಲ್ಲ. ಮಣ್ಣು, ನೀರು, ಎಲ್ಕ್ ಉಳಿಯುವುದು ಲಾಭವೇ. ರಾಜ್ಯಕ್ಕೆ ಮರ ಕಡಿಯದೆಯೂ ಕಾಡಿನಿಂದ ಆದಾಯ ಬರುತ್ತದೆ. ಖಾಸಗಿ ಮಾಲೀಕನೊಬ್ಬ ನಿಜಕ್ಕೂ ಕಡಿಯಲು ಹೊರಟಿದ್ದ ಕಾಡಾದರೆ ಈ ದುಡ್ಡು ಕೆಲಸ ಮಾಡುತ್ತದೆ.

ಈಗ ನಿಮ್ಮ ಮನೆಯ ಲೆಕ್ಕ. ಬಿಲ್ಲಿನ ಒಂದು ಸಿಸಿಎಫ್ (100 ಘನ ಅಡಿ) ಗ್ಯಾಸ್ ಸುಟ್ಟರೆ ಸುಮಾರು 5.5 ಕೆಜಿ ಕಾರ್ಬನ್ ಡೈಆಕ್ಸೈಡ್. ವರ್ಷಕ್ಕೆ 1,000 ಸಿಸಿಎಫ್ ಎಂದಿಟ್ಟುಕೊಂಡರೆ 5.5 ಟನ್. ಟನ್ನಿಗೆ 15 ಡಾಲರ್ ಎಂದು ಹಿಡಿದರೆ ಸುಮಾರು 82 ಡಾಲರಿಗೆ ಎಲ್ಲವೂ "ಚುಕ್ತಾ", ಕಾಗದದ ಮೇಲೆ. ಅದೇ ಹಣ ನಾಲ್ಕಾರು ವರ್ಷ ಕೂಡಿಟ್ಟು ಅಟ್ಟಕ್ಕೆ ಇನ್ಸುಲೇಷನ್ ಹಾಕಿಸಿ, ಬಳಕೆ ಶೇ. 15ರಷ್ಟು ಇಳಿಯಿತು ಅನ್ನಿ. ವರ್ಷಕ್ಕೆ 0.8 ಟನ್ ಮಾತ್ರ ಕಡಿಮೆ. ಆದರೆ ಅದು ಮೀಟರಿನಲ್ಲೇ ಕಾಣುತ್ತದೆ, ಬಿಲ್ಲೂ ಇಳಿಯುತ್ತದೆ. ಮೊದಲು ಅಟ್ಟ, ಆಮೇಲೂ ಮನಸ್ಸಿದ್ದರೆ ಕ್ರೆಡಿಟ್. ಅದನ್ನು ದಾನದ ಖಾತೆಯಲ್ಲಿ ಬರೆದುಕೊಳ್ಳಿ, ಹೊಗೆಯ ಖಾತೆಯಲ್ಲಿ ಬೇಡ.