ಕಣ್ಣು ಕಾಣದವರಿಗೂ ಮುಟ್ಟುವ ಪ್ರಕಟಣೆ



ಬಿತ್ತನೆ ಬೀಜ ಬಂದಿದೆ, ಅರ್ಜಿ ಕೊಡಲು ಇಂಥ ದಿನವೇ ಕಡೆ ಎಂಬ ಸುದ್ದಿಯನ್ನು ಹಿಂದೆ ಡಂಗುರ ಸಾರಿ ತಿಳಿಸುತ್ತಿದ್ದರು. ಅದು ಕಣ್ಣು ಕಾಣದವರ ಕಿವಿಗೂ ಬೀಳುತ್ತಿತ್ತು. ಈಗ ನೋಟೀಸಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತೇವೆ. ಊರಿಗೆಲ್ಲ ತಿಳಿಸಿದೆವೆಂದು ಸಮಾಧಾನಪಡುತ್ತೇವೆ. ಆದರೆ ಊರಿಗೆಲ್ಲ ತಿಳಿಯಿತೇ?

ಕಣ್ಣು ಕಾಣದವರೂ ಫೋನು ಬಳಸುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಏರ್ಪಾಡಿದೆ. ಬೆರಳಿಟ್ಟಲ್ಲಿ ಏನು ಬರೆದಿದೆಯೋ ಅದನ್ನು ಫೋನು ಗಟ್ಟಿಯಾಗಿ ಓದುತ್ತದೆ, ಕನ್ನಡವನ್ನೂ ಓದುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವುಂಟು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಇದನ್ನು ಆರಂಭಿಸಿದ ಮೈಕಲ್ ಕರ್ರನ್ ಅವರಿಗೇ ದೃಷ್ಟಿಯಿಲ್ಲ.

ಆದರೆ ಫೋನು ಸರಿಯಾಗಿ ಓದುವುದು ಅಕ್ಷರವನ್ನು. ಕಾಗದದ ಫೋಟೋ ಅದಕ್ಕೆ ಬರಿಯ ಚಿತ್ರ. ಚಿತ್ರದೊಳಗಿನ ಅಕ್ಷರ ಗುರುತಿಸುವ ಹೊಸ ಉಪಾಯಗಳು ಬಂದಿವೆ, ನಿಜ. ಆದರೆ ಫೋಟೋ ಮಸುಕಾಗಿದ್ದರೆ, ಓರೆಯಾಗಿದ್ದರೆ ಅವು ತಪ್ಪುತ್ತವೆ. ತಾರೀಖು ತಪ್ಪಿದರೆ ಬೀಜವೂ ತಪ್ಪಿದಂತೆಯೇ.

ಹಾಗಾದರೆ ಮಾಡತಕ್ಕದ್ದೇನು?

1. ಪ್ರಕಟಣೆಯನ್ನು ಟೈಪು ಮಾಡಿ ಕಳಿಸಿರಿ. ಫೋಟೋ ಬೇಕೇಬೇಕಾದರೆ ಅದರ ಕೆಳಗೆ ವಿಷಯ, ಸ್ಥಳ, ಕಡೆಯ ದಿನಾಂಕಗಳನ್ನು ಬರೆಯಿರಿ.

2. ಕಂಪ್ಯೂಟರಿನಲ್ಲಿ ಯೂನಿಕೋಡ್ ಅಕ್ಷರವನ್ನೇ ಬಳಸಿರಿ. ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದನ್ನು ಓದಿಸಿದರೆ ಅರ್ಥವಿಲ್ಲದ ಸದ್ದು ಬರುತ್ತದೆ. ಫೋನಿನ ಕನ್ನಡ ಕೀಲಿಮಣೆಯಿಂದ ಬರುವುದು ಯೂನಿಕೋಡೇ.

3. ಬೆಳೆರೋಗದ ಚಿತ್ರ ಕಳಿಸಿದರೆ, ಎಲೆಯ ಮೇಲೆ ಯಾವ ಬಣ್ಣದ ಚುಕ್ಕೆ, ಅಂಚಿನಲ್ಲೋ ನಡುವೆಯೋ ಎಂದು ಮಾತಿನಲ್ಲಿ ವಿವರಿಸಿರಿ.

4. “ಕೆಂಪಿನಲ್ಲಿರುವ ಹೆಸರಿನವರು ಬನ್ನಿ” ಎಂದು ಬರೆಯಬೇಡಿರಿ. ಕೆಂಪು ಹಸಿರು ಬೇರೆಯಾಗಿ ಕಾಣದವರಿದ್ದಾರೆ. ಹೆಸರಿನ ಮುಂದೆ “ಆಯ್ಕೆಯಾಗಿದೆ” ಎಂದು ಸೇರಿಸಿರಿ.

5. ವಿಡಿಯೋದಲ್ಲಿ ಆಡಿದ ಮಾತನ್ನು ಬರಹದಲ್ಲೂ ಕೊಡಿರಿ. ಕಿವಿ ಕೇಳದವರಿಗೆ ಅದೇ ದಾರಿ.

ಇದು ದಯೆಯ ಮಾತಲ್ಲ, ಹಕ್ಕಿನ ಮಾತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಮಾಹಿತಿ ಎಲ್ಲರಿಗೂ ಎಟಕುವ ರೂಪದಲ್ಲಿರಬೇಕೆಂದು ವಿಧಿಸಿದೆ. ಬ್ಯಾಂಕು ಮೊದಲಾದ ಕಡೆ ಗುರುತು ದೃಢಪಡಿಸಲು ಫೋನಿನ ಮುಂದೆ ಕಣ್ಣು ಮಿಟುಕಿಸಬೇಕೆಂಬ ಕ್ರಮದಿಂದ ದೃಷ್ಟಿಯಿಲ್ಲದವರೂ ಆಸಿಡ್ ದಾಳಿಗೆ ತುತ್ತಾದವರೂ ತೊಂದರೆಪಟ್ಟು ನ್ಯಾಯಾಲಯಕ್ಕೆ ಹೋದರು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೆಯ ವಿಧಿಯಡಿ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಆದ್ದರಿಂದ ಕಚೇರಿಯ ಜಾಲತಾಣದಲ್ಲಿ ಓದಿಸಲು ಬಾರದ ಕಾಗದವಿದ್ದರೆ, ಅಕ್ಷರರೂಪದಲ್ಲಿ ಕೊಡಿರೆಂದು ಕೇಳಲು ಸಂಕೋಚ ಬೇಡ.

ಪರೀಕ್ಷೆ ಮಾಡಿ ನೋಡಿರಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬಲ್ಲಿ ಟಾಕ್‌ಬ್ಯಾಕ್ ಸಿಗುತ್ತದೆ. ಅದನ್ನು ಚಾಲೂ ಮಾಡಿದ ಮೇಲೆ ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ನಿಲ್ಲಿಸುವಾಗಲೂ ಇದೇ ಕ್ರಮ. ನೀವು ಕಳಿಸಿದ ಪ್ರಕಟಣೆಯನ್ನು ಕಣ್ಣು ಮುಚ್ಚಿಕೊಂಡು ಕೇಳಿರಿ. ಕಡೆಯ ದಿನಾಂಕ ಕಿವಿಗೆ ಬಿದ್ದರೆ ಅದು ಊರಿಗೆಲ್ಲ ಮುಟ್ಟುವ ಪ್ರಕಟಣೆ. ಬೀಳದಿದ್ದರೆ ಇನ್ನೊಮ್ಮೆ ಟೈಪು ಮಾಡಿ ಕಳಿಸಿರಿ; ಐದು ನಿಮಿಷದ ಕೆಲಸ.