ಇ-ವಾಣಿಜ್ಯ: ಮಾರುವವರಿಗೂ ಕೊಳ್ಳುವವರಿಗೂ ಒಂದು ಕೈದೀವಿಗೆ

ಕೊಳ್ಳುವವನು ಪದಾರ್ಥವನ್ನು ಕೈಯಲ್ಲಿ ಹಿಡಿದು ನೋಡದೆ, ಮಾರುವವನು ಕೊಳ್ಳುವವನ ಮುಖವನ್ನೇ ಕಾಣದೆ, ಇಬ್ಬರ ನಡುವೆ ನೂರಾರು ಮೈಲಿಗಳ ಅಂತರವಿದ್ದಾಗಲೂ ಹಗಲಿರುಳೆನ್ನದೆ ನಡೆಯುತ್ತಿರುವ ಈ ಹೊಸ ವ್ಯಾಪಾರಕ್ಕೆ ಆಧಾರವಾಗಿ ನಿಂತಿರುವುದು ಲಿಖಿತ ದಾಖಲೆ. ಅಂತಹ ವಿದ್ಯುನ್ಮಾನ ದಾಖಲೆಗೆ ಕಾಗದದ ದಾಖಲೆಯಷ್ಟೇ ಮಾನ್ಯತೆಯನ್ನು ಕೊಟ್ಟುದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮ. ಅದಾದ ಎರಡೇ ವರ್ಷಗಳಲ್ಲಿ ರೈಲ್ವೆಯವರು ಅಂತರ್ಜಾಲದಲ್ಲಿ ಟಿಕೆಟ್ ಕೊಡಲಾರಂಭಿಸಿದರು. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಾಟದಿಂದ ತನ್ನ ವ್ಯವಹಾರವನ್ನು ತೊಡಗಿತು. 2016ರಲ್ಲಿ ಯುಪಿಐ ಬಂದು, ಹಣ ಪಾವತಿಯೆಂಬ ಬಹುದೊಡ್ಡ ತೊಡಕನ್ನು ಮೊಬೈಲಿನ ಒಂದು ಸ್ಪರ್ಶಕ್ಕೆ ಇಳಿಸಿತು. ಇಂದು ಉದ್ಯಮಿಗಳು, ಸರ್ಕಾರ, ಗ್ರಾಹಕರು ಮೂವರೂ ಈ ಒಂದೇ ಸಂತೆಯಲ್ಲಿ ಸೇರಿರುವುದರಿಂದ, ಅಲ್ಲಿಗೆ ಹೋಗುವ ದಾರಿಯನ್ನು ಕ್ರಮವಾಗಿ ತಿಳಿದುಕೊಳ್ಳುವುದು ಎಲ್ಲರಿಗೂ ಅವಶ್ಯಕ. ವಿಷಯ ಸ್ಪಷ್ಟವಾಗಲೆಂದು ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವ ಕುಶಲಕರ್ಮಿಯೊಬ್ಬರನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲನೆಯ ಹೆಜ್ಜೆ: ನೋಂದಣಿ

ಆರಂಭದಲ್ಲಿ ಸಿದ್ಧವಾಗಿರತಕ್ಕವು ಪ್ಯಾನ್ ಮತ್ತು ವ್ಯವಹಾರಕ್ಕೆಂದೇ ಪ್ರತ್ಯೇಕವಾಗಿ ತೆರೆದ ಬ್ಯಾಂಕ್ ಖಾತೆ. ತದನಂತರ ಆಧಾರ್ ಸಂಖ್ಯೆಯನ್ನು ಬಳಸಿ 'ಉದ್ಯಮ್' ನೋಂದಣಿಯನ್ನು ಮಾಡಿಕೊಳ್ಳಬೇಕು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಶುಲ್ಕವಿಲ್ಲ. ಆದುದರಿಂದ ಹಣ ಕೇಳುವ ಮಧ್ಯವರ್ತಿಗಳ ತಾಣಗಳಿಂದ ದೂರವಿರುವುದು ಕ್ಷೇಮ.

ಜಿಎಸ್‌ಟಿಯ ವಿಷಯದಲ್ಲಿ ಸ್ವಲ್ಪ ವಿವರ ಬೇಕಾಗುತ್ತದೆ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಅಗತ್ಯವಿಲ್ಲದಿದ್ದರೂ, ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರುವವರಿಗೆ ಮೊದಲು ಈ ವಿನಾಯಿತಿ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ, ತಮ್ಮ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣ ವ್ಯಾಪಾರಿಗಳು ಪ್ಯಾನ್ ಆಧಾರದ ಮೇಲೆ ಜಿಎಸ್‌ಟಿ ಪೋರ್ಟಲಿನಲ್ಲಿ ಒಂದು ದಾಖಲಾತಿ ಸಂಖ್ಯೆಯನ್ನು ಪಡೆದು ಮಾರಬಹುದಾಗಿದೆ. ಗೊಂಬೆಯನ್ನು ಪುಣೆಗೋ ದಿಲ್ಲಿಗೋ ಈ ಮಾರುಕಟ್ಟೆ ತಾಣಗಳ ಮೂಲಕ ಕಳುಹಿಸಬೇಕೆಂದಿದ್ದರೆ ಪೂರ್ಣ ನೋಂದಣಿಯನ್ನು ಮಾಡಿಸಿಕೊಳ್ಳಬೇಕು.

ಎರಡನೆಯ ಹೆಜ್ಜೆ: ಪದಾರ್ಥಕ್ಕೆ ಸಲ್ಲುವ ನಿಯಮ

ಪ್ರತಿಯೊಂದು ಪದಾರ್ಥಕ್ಕೂ ತನ್ನದೇ ಆದ ಕಟ್ಟುಪಾಡುಗಳಿರುತ್ತವೆ. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳನ್ನು ಅಧಿಕೃತ ಬಳಕೆದಾರರು ತಯಾರಿಸಿ ಮಾರುವಾಗಲೂ ಇದರಿಂದ ವಿನಾಯಿತಿ ಇದೆ. ಚನ್ನಪಟ್ಟಣದ ಗೊಂಬೆಗೆ ಆ ಸೂಚಿಕೆ ಇದ್ದೇ ಇದೆ. ಆದರೆ ತಯಾರಕರ ಹೆಸರು ಆಯಾ ಪಟ್ಟಿಯಲ್ಲಿ ಸೇರಿರದಿದ್ದರೆ ವಿನಾಯಿತಿಯು ಅವರಿಗೆ ಸಲ್ಲುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆಯನ್ನು ಪಡೆದು ಪೊಟ್ಟಣದ ಮೇಲೆ ಮುದ್ರಿಸಬೇಕು. ಪೊಟ್ಟಣ ಕಟ್ಟಿ ಮಾರುವ ಪದಾರ್ಥವಾದರೆ ತಯಾರಕರ ಹೆಸರು, ವಿಳಾಸ, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ, ತಯಾರಾದ ದೇಶ ಮೊದಲಾದವು ಮಾರಾಟದ ಪುಟದಲ್ಲಿಯೂ ಕಾಣಿಸತಕ್ಕದ್ದು.

ಮೂರನೆಯ ಹೆಜ್ಜೆ: ವರ್ಣನೆ ಮತ್ತು ಚಿತ್ರ

ಇಡೀ ವ್ಯವಹಾರದ ಜೀವಾಳವು ಈ ಹೆಜ್ಜೆಯಲ್ಲಿದೆ. ಅಂಗಡಿಗೆ ಬಂದ ಗಿರಾಕಿ ಗೊಂಬೆಯನ್ನು ಎತ್ತಿ ತೂಗಿ, ಬಣ್ಣವನ್ನು ಉಜ್ಜಿ, ಅಂಚನ್ನು ಬೆರಳಿನಿಂದ ಸವರಿ ತಿಳಿದುಕೊಳ್ಳುವುದನ್ನೆಲ್ಲ ಇಲ್ಲಿ ಬರಹವೇ ತಿಳಿಸಬೇಕಾಗಿದೆ. 'ಅತ್ಯುತ್ತಮ ಗೊಂಬೆ, ಮಕ್ಕಳಿಗೆ ಬಹು ಇಷ್ಟ' ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ಅದರ ಬದಲು ಹೀಗೆ ಬರೆಯಬಹುದು: 'ಆಲೆಮರದಿಂದ ಲೇತ್ ಯಂತ್ರದಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿದ ಗೊಂಬೆ, ಎತ್ತರ 12 ಸೆಂಟಿಮೀಟರ್, ಪೆಟ್ಟಿಗೆಯಲ್ಲಿ ಒಂದೇ ಗೊಂಬೆ ಇರುತ್ತದೆ, ಕೈಕೆಲಸವಾದುದರಿಂದ ಬಣ್ಣದ ಪಟ್ಟಿಗಳ ಅಗಲ ಚಿತ್ರದಲ್ಲಿರುವುದಕ್ಕಿಂತ ತುಸು ಹೆಚ್ಚುಕಡಿಮೆಯಾಗಬಹುದು, ನೀರಿನಲ್ಲಿ ನೆನೆಸಬಾರದು.' ಎಷ್ಟು ವಯಸ್ಸಿನ ಮಕ್ಕಳಿಗೆ ತಕ್ಕುದೆಂಬುದನ್ನೂ ಮರೆಯದೆ ಸೇರಿಸಬೇಕು.

ಚಿತ್ರಗಳನ್ನು ಬೆಳಗಿನ ಬೆಳಕಿನಲ್ಲಿ, ಬಿಳಿಯ ಹಿನ್ನೆಲೆಯಲ್ಲಿ, ಮುಂದಿನಿಂದಲೂ ಹಿಂದಿನಿಂದಲೂ ತೆಗೆದು, ಒಂದು ಚಿತ್ರದಲ್ಲಿ ಗೊಂಬೆಯನ್ನು ಅಂಗೈಯ ಮೇಲಿಟ್ಟು ತೋರಿಸಿದರೆ ಗಾತ್ರದ ಬಗೆಗೆ ಸಂದೇಹ ಉಳಿಯುವುದಿಲ್ಲ. ಬಣ್ಣವನ್ನು ಯಂತ್ರದಿಂದ ಹೊಳಪೇರಿಸಿದ ಚಿತ್ರವು ಇಂದು ಒಂದು ಆರ್ಡರನ್ನು ತಂದರೂ ನಾಳೆ ಅದೇ ಪದಾರ್ಥವನ್ನು ರಿಟರ್ನ್ ಆಗಿ ಮರಳಿಸುತ್ತದೆ.

ನಾಲ್ಕನೆಯ ಹೆಜ್ಜೆ: ಬೆಲೆಯ ಲೆಕ್ಕ

ಹೊಸಬರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ. ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಗೊಂಬೆಯ ಮಾರಾಟ ಬೆಲೆ 500 ರೂಪಾಯಿ, ಮರ, ಅರಗು, ಕೂಲಿಗೆ 280, ಪೆಟ್ಟಿಗೆ ಮತ್ತು ಪ್ಯಾಕಿಂಗಿಗೆ 25, ಕೊರಿಯರಿಗೆ 70, ತಾಣದ ಕಮಿಷನ್ ಮತ್ತು ಇತರ ಶುಲ್ಕ 75 ಎಂದಿಟ್ಟುಕೊಂಡರೆ, ತೆರಿಗೆಗೆ ಮೊದಲು ಉಳಿಯುವುದು 50 ರೂಪಾಯಿ. ಹತ್ತು ಗೊಂಬೆಗಳಲ್ಲಿ ಒಂದು ಹಿಂದಿರುಗಿ ಬಂತೆನ್ನಿ. ಗೊಂಬೆ ಕೆಡದಿದ್ದರೂ, ಕಮಿಷನ್ ಮರಳಿ ಸಿಕ್ಕಿದರೂ, ಹೋಗಿ ಬರುವ ಕೊರಿಯರ್ ಮತ್ತು ಪ್ಯಾಕಿಂಗ್ ಸೇರಿ 165 ರೂಪಾಯಿ ನಷ್ಟ. ಉಳಿದ ಒಂಬತ್ತರ ಲಾಭವಾದ 450ರಲ್ಲಿ ಅದನ್ನು ಕಳೆದರೆ ಗೊಂಬೆಯೊಂದಕ್ಕೆ ಸುಮಾರು 32 ರೂಪಾಯಿ ಮಾತ್ರ ದಕ್ಕುತ್ತದೆ. ವರ್ಣನೆಯಲ್ಲಿನ ಪ್ರಾಮಾಣಿಕತೆಗೂ ಲಾಭಕ್ಕೂ ಇರುವ ನಂಟು ಇದರಿಂದ ವಿಶದವಾಗುತ್ತದೆ.

ನೋಂದಾಯಿತರ ಮಾರಾಟದ ಹಣದಿಂದ ತಾಣದವರು ಜಿಎಸ್‌ಟಿ ಕಾನೂನಿನಂತೆ ಶೇ 0.5ರಷ್ಟನ್ನು ಮುಂಗಡವಾಗಿ ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. ಆ ಮೊತ್ತ ಮಾರಾಟಗಾರರ ಜಿಎಸ್‌ಟಿ ಖಾತೆಗೆ ಜಮೆಯಾಗುವುದರಿಂದ ತಿಂಗಳಿಗೊಮ್ಮೆ ತಾಳೆ ನೋಡಿ ಬಳಸಿಕೊಳ್ಳಬೇಕು.

ಐದನೆಯ ಹೆಜ್ಜೆ: ಮಾರುಕಟ್ಟೆಯ ಆಯ್ಕೆ

ದೊಡ್ಡ ತಾಣಗಳಲ್ಲಿ ಗ್ರಾಹಕರು ಹೆಚ್ಚು, ಪೈಪೋಟಿಯೂ ಕಮಿಷನ್ನೂ ಹೆಚ್ಚು. ಕೇಂದ್ರ ಸರ್ಕಾರದ ಪ್ರೋತ್ಸಾಹದಿಂದ ಹುಟ್ಟಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕರಿಗೆ ಪ್ರಾಯೋಗಿಕವಾಗಿ ತೆರೆದ ಒಎನ್‌ಡಿಸಿ ಜಾಲದಲ್ಲಿ ಮಾರುವವರ ಆ್ಯಪ್ ಒಂದಾಗಿದ್ದು ಕೊಳ್ಳುವವರ ಆ್ಯಪ್ ಇನ್ನೊಂದಾಗಿದ್ದರೂ ವ್ಯವಹಾರ ಕುದುರುತ್ತದೆ. ಆರಂಭದಲ್ಲಿ ಒಂದು ತಾಣವನ್ನು ಮಾತ್ರ ಆಯ್ದು, ಅಲ್ಲಿ ಕೈ ಪಳಗಿದ ಮೇಲೆ ಎರಡನೆಯದಕ್ಕೆ ಹೋಗುವುದು ಲೇಸು. ಆರ್ಡರ್ ಬಂದ ಕೂಡಲೇ ಬಿಲ್ ತೆಗೆದು, ಪ್ಯಾಕ್ ಮಾಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟುಕೊಂಡರೆ, ಒಡೆದ ಗೊಂಬೆ ಬಂತೆಂಬ ತಕರಾರು ಎದ್ದಾಗ ಅದು ಸಾಕ್ಷ್ಯವಾಗಿ ಒದಗುತ್ತದೆ.

ಆರನೆಯ ಹೆಜ್ಜೆ: ಸರ್ಕಾರಕ್ಕೂ ಸಗಟು ವ್ಯಾಪಾರಿಗಳಿಗೂ ಮಾರುವುದು

ಸರ್ಕಾರವೂ ಒಬ್ಬ ದೊಡ್ಡ ಗಿರಾಕಿಯೆಂಬುದನ್ನು ಸಣ್ಣ ಉದ್ಯಮಿಗಳು ಸಾಮಾನ್ಯವಾಗಿ ಮರೆತಿರುತ್ತಾರೆ. 2016ರಲ್ಲಿ ಆರಂಭವಾದ 'ಜೆಮ್' ಎಂಬ ಸರ್ಕಾರಿ ಇ-ಮಾರುಕಟ್ಟೆಯಲ್ಲಿ ಇಲಾಖೆಗಳು ಸಣ್ಣ ಮೊತ್ತದ ಖರೀದಿಯನ್ನು ನೇರವಾಗಿಯೂ, ಮಧ್ಯಮ ಮೊತ್ತದ್ದನ್ನು ಬೆಲೆಗಳನ್ನು ಹೋಲಿಸಿಯೂ, ದೊಡ್ಡದನ್ನು ಬಿಡ್ ಇಲ್ಲವೆ ಹಿಮ್ಮುಖ ಹರಾಜಿನಿಂದಲೂ ಮಾಡುತ್ತವೆ. ಕೇಂದ್ರದ ಇಲಾಖೆಗಳೂ ಸಾರ್ವಜನಿಕ ಉದ್ದಿಮೆಗಳೂ ತಮ್ಮ ವಾರ್ಷಿಕ ಖರೀದಿಯ ಶೇ 25ರಷ್ಟನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕೆಂಬ ನೀತಿಯಿದ್ದು, ಅದರೊಳಗೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಶೇ 4, ಮಹಿಳೆಯರಿಗೆ ಶೇ 3 ಮೀಸಲಾಗಿದೆ. ಉದ್ಯಮ್ ನೋಂದಣಿ ಇಲ್ಲಿ ನೆರವಿಗೆ ಬರುತ್ತದೆ. ರಾಜ್ಯದ ಇಲಾಖೆಗಳ ಟೆಂಡರುಗಳು 1999ರ ಪಾರದರ್ಶಕತೆ ಅಧಿನಿಯಮದ ಅನುಸಾರ ನಡೆಯುತ್ತವೆ. ಅವುಗಳನ್ನು ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲಿನಲ್ಲಿ ನೋಡಬಹುದು.

ಬೇರೆ ಊರಿನ ಅಂಗಡಿಯವರಿಗೆ ಸಗಟಾಗಿ ಮಾರುವ ಕಿರು ಮತ್ತು ಸಣ್ಣ ತಯಾರಕರು ಒಂದು ಹಕ್ಕನ್ನು ನೆನಪಿಡಬೇಕು. 2006ರ ಎಂಎಸ್‌ಎಂಇ ಅಧಿನಿಯಮದಂತೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಸರಕು ಸ್ವೀಕೃತವಾದ 45 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿಯನ್ನು ಕೊಳ್ಳುವವರು ತೆರಬೇಕಾಗುತ್ತದೆ.

ಏಳನೆಯ ಹೆಜ್ಜೆ: ಕೊಳ್ಳುವವರ ಎಚ್ಚರ

ಗ್ರಾಹಕರು ಹಣ ಕೊಡುವ ಮುನ್ನ ನೋಡಬೇಕಾದವು ಮಾರಾಟಗಾರರ ನಿಜವಾದ ಹೆಸರು, ವಿಳಾಸ, ರಿಟರ್ನ್ ನಿಯಮ ಮತ್ತು ದೂರು ಅಧಿಕಾರಿಯ ವಿವರ. 2020ರ ಇ-ವಾಣಿಜ್ಯ ನಿಯಮಗಳಂತೆ ಇವನ್ನೆಲ್ಲ ಪ್ರಕಟಿಸುವುದು ಕಡ್ಡಾಯ. 'ಇನ್ನು ಎರಡೇ ಉಳಿದಿವೆ' ಎಂಬ ಸುಳ್ಳು ಅವಸರ, ಕೇಳದೆಯೇ ಬುಟ್ಟಿಗೆ ಸೇರಿದ ವಸ್ತು, ಕೊನೆಯ ಪುಟದಲ್ಲಿ ಮಾತ್ರ ತಲೆದೋರುವ ಶುಲ್ಕ ಮೊದಲಾದ 13 ಬಗೆಯ ಮೋಸದ ವಿನ್ಯಾಸಗಳನ್ನು ಸರ್ಕಾರ 2023ರಲ್ಲಿ ನಿಷೇಧಿಸಿದೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ. ರಿಫಂಡ್ ಕೊಡುತ್ತೇವೆಂದು ಪಿನ್ ಒತ್ತಿಸುವವರು ವಂಚಕರು.

ಪದಾರ್ಥ ದೋಷಯುಕ್ತವಾಗಿದ್ದರೆ ಮೊದಲು ತಾಣದ ದೂರು ಅಧಿಕಾರಿಗೆ ಬರೆಯಬೇಕು. ಅವರು 48 ಗಂಟೆಗಳಲ್ಲಿ ಸ್ವೀಕೃತಿಯನ್ನೂ ಒಂದು ತಿಂಗಳಲ್ಲಿ ಪರಿಹಾರವನ್ನೂ ಕೊಡತಕ್ಕದ್ದು. ಅದರಿಂದ ಪ್ರಯೋಜನವಾಗದಿದ್ದಲ್ಲಿ 1915ಕ್ಕೆ ಕರೆಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಕಡೆಗೆ ತಾವು ವಾಸವಾಗಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಲು ಹಕ್ಕಿದೆ. ಮಾರಾಟಗಾರರು ದಿಲ್ಲಿಯಲ್ಲಿದ್ದರೂ ದಿಲ್ಲಿಗೆ ಹೋಗಬೇಕಾಗಿಲ್ಲ, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಹಣವೇ ವಂಚಕರ ಪಾಲಾದಾಗ ಮಾತ್ರ ಒಂದು ಗಳಿಗೆಯನ್ನೂ ಕಳೆಯದೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆಮಾಡಬೇಕು, ಏಕೆಂದರೆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರಿಹೋಗುವ ಮೊದಲೇ ಅದನ್ನು ತಡೆಹಿಡಿಯಲು ಸಾಧ್ಯ.

ಈ ಹೆಜ್ಜೆಗಳೆಲ್ಲವೂ ನಿಂತಿರುವುದು ದಾಖಲೆಯ ಮೇಲೆ. ಆದುದರಿಂದ ಮಾರುವವರು ಇದ್ದುದನ್ನು ಇದ್ದಂತೆಯೇ ಬರೆಯಲಿ. ಕೊಳ್ಳುವವರು ಬರೆದುದನ್ನು ಓದಿ ಕೊಳ್ಳಲಿ, ಬಿಲ್ಲನ್ನೂ ಸಂದೇಶಗಳನ್ನೂ ಉಳಿಸಿಕೊಳ್ಳಲಿ. ಅನ್ಯಾಯವಾದಾಗ ಮೊತ್ತ ಅಲ್ಪವೆಂದು ಸುಮ್ಮನಾಗದೆ ದೂರು ಕೊಡಲಿ.